ಬಹುಮಾನದ ಹುಂಜವೂ ತಳಿಯ ಹುಂಜವೂ

ಗಿಳಿಮೂತಿಯ, ಉದ್ದ ಬಾಲದ ಅಸೀಲ್ ಹುಂಜಗಳ ಪ್ರದರ್ಶನಗಳು ತಮಿಳುನಾಡಿನ ದಿಂಡಿಗಲ್ ಕಡೆ ನಡೆಯುತ್ತಿರುವುದನ್ನು ರೈತ ಬಾಂಧವರಲ್ಲಿ ಹಲವರು ಕೇಳಿರಬಹುದು. ಅಲ್ಲಿ ಕಾಳಗವಿಲ್ಲ. ಕೊಕ್ಕಿನ ಬಾಗು, ಬಾಲದ ನೀಳ, ಬಣ್ಣ, ನಿಲುವು ಇವುಗಳನ್ನು ನೋಡಿ ಬಹುಮಾನ ಕೊಡುತ್ತಾರೆ. ಹಿತ್ತಲ ಕೋಳಿಯ ತಳಿ ಸುಧಾರಿಸಬೇಕೆಂಬ ರೈತನೂ ಅಂಥ ಹುಂಜಕ್ಕೆ ಸಾವಿರಾರು ರೂಪಾಯಿ ತೆರಲು ಮನಸ್ಸು ಮಾಡುತ್ತಾನೆ. ತೆರುವ ಮೊದಲು ಕೊಂಚ ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಹವ್ಯಾಸಿಗಳ ಬಳಿ ಹೋಗಬಾರದೆಂದಲ್ಲ, ಹೋಗಲೇಬೇಕು. ಕಂಪನಿಗಳು ಮಾರುವ ಬ್ರಾಯ್ಲರ್ ಮತ್ತು ಮೊಟ್ಟೆಕೋಳಿಗಳು ಸಂಕರಗಳು. ಅವುಗಳಿಂದ ಮರಿ ಮಾಡಿದರೆ ಗುಣಗಳು ಚದುರಿಹೋಗುತ್ತವೆ. ಶುದ್ಧ ತಳಿ ಉಳಿದಿರುವುದು ಬಹುಮಟ್ಟಿಗೆ ಹವ್ಯಾಸಿಗಳ ಅಂಗಳದಲ್ಲಿಯೇ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ 19ನೆಯ ಶತಮಾನದಲ್ಲಿ ನಮ್ಮ ಅಸೀಲ್‌ನ ರಕ್ತ ಸೇರಿಸಿ ರೂಪಿಸಿದ ಕಾರ್ನಿಷ್ ತಳಿಯನ್ನು ಪ್ರದರ್ಶನದ ಗೀಳಿನವರು ಕಾಪಾಡಿಕೊಂಡು ಬಂದರು. ಇಂದಿನ ಬ್ರಾಯ್ಲರ್‌ನ ತಂದೆಯ ಸಾಲು ಅದರಿಂದ ಹುಟ್ಟಿದ್ದು.

ಆದರೆ ಅಂದಕ್ಕೆ ಆರಿಸಿದ್ದು ಇಳುವರಿಗೂ ಒದಗುತ್ತದೆಯೆ? ಬೇಸಾಯಶಾಸ್ತ್ರದವನಾದ ನನಗೆ ಇಲ್ಲಿ ಮುಸುಕಿನ ಜೋಳ ನೆನಪಾಗುತ್ತದೆ. ಅಮೆರಿಕದಲ್ಲಿ 20ನೆಯ ಶತಮಾನದ ಆರಂಭದಲ್ಲಿ ತೆನೆಗಳ ಸೌಂದರ್ಯ ಸ್ಪರ್ಧೆಗಳಿದ್ದವು, ಗೆದ್ದ ತೆನೆಯೇ ಉತ್ತಮ ಬೀಜವೆಂಬ ನಂಬಿಕೆಯಿತ್ತು. 1904ರಲ್ಲಿ ಅಯೋವಾದ ಹೆನ್ರಿ ವಾಲೇಸ್ ಎಂಬ ಶಾಲಾ ಬಾಲಕ ಪ್ರದರ್ಶನದ ತೆನೆಗಳನ್ನು ಬೇರೆ ಬೇರೆಯಾಗಿ ಬಿತ್ತಿ ಇಳುವರಿ ತೂಗಿದ. ಅಂದಕ್ಕೂ ಇಳುವರಿಗೂ ಸಂಬಂಧವೇ ಕಾಣಲಿಲ್ಲ. ಆ ಬಾಲಕನೇ 1926ರಲ್ಲಿ ಸಂಕರ ಬೀಜದ ಕಂಪನಿ ತೆರೆದ, ಮುಂದೆ ಅಮೆರಿಕದ ಉಪರಾಷ್ಟ್ರಪತಿಯೂ ಆದ. 1936ರಲ್ಲಿ ಅದೇ ವಿಧಾನವನ್ನು ಕೋಳಿಗೂ ಅನ್ವಯಿಸಿದರು.

ಹುಂಜ ಮೊಟ್ಟೆಯಿಡುವುದಿಲ್ಲವಷ್ಟೆ. ಅದರ ಯೋಗ್ಯತೆಯನ್ನು ತಾಯಿಯಲ್ಲಿ, ಒಡಹುಟ್ಟಿದ ಹೇಂಟೆಗಳಲ್ಲಿ ಹುಡುಕಬೇಕು. ಆದ್ದರಿಂದ ಪ್ರದರ್ಶನದ ದಿನ ಕೊಳ್ಳದೆ ಸಾಕಿದವರ ಮನೆಗೇ ಹೋಗಿ. ತಾಯಿ ವರ್ಷಕ್ಕೆ ಎಷ್ಟು ಮೊಟ್ಟೆಯಿಟ್ಟಿತು, ಕಾವಿಗಿಟ್ಟ ಹತ್ತರಲ್ಲಿ ಎಷ್ಟು ಮರಿಯಾದವು, ಎರಡು ತಿಂಗಳಿಗೆ ಎಷ್ಟು ಉಳಿದವು, ಎಷ್ಟು ತೂಗಿದವು ಎಂದು ಕೇಳಿ. ಗೋಡೆಯ ಮೇಲೆ ಇದ್ದಿಲಿನಿಂದ ಗೀಚಿದ ಲೆಕ್ಕವಾದರೂ ಸಾಕು. ಹಿತ್ತಲಿಗೆ ಕೋಳಿ ಬೇಕಾದವರು ಗೆದ್ದ ಹುಂಜವನ್ನು ಬಿಟ್ಟು ಅದರ ಸೋತ ತಮ್ಮನನ್ನು ಕೊಳ್ಳುವುದು ಲೇಸು. ಬಾಲ ಗಿಡ್ಡವೆಂದು ತಳ್ಳಲ್ಪಟ್ಟ ಆ ಹುಂಜದಲ್ಲಿಯೂ ಅದೇ ತಂದೆತಾಯಿಯ ಮೈಕಟ್ಟಿದೆ, ಬೆಲೆ ಮಾತ್ರ ಕಡಿಮೆ. ಕಾಲು ನೆಟ್ಟಗಿದೆಯೆ, ಎದೆ ತುಂಬಿದೆಯೆ ಎಂಬುದನ್ನಂತೂ ಕೈಯಿಂದ ಮುಟ್ಟಿಯೇ ನೋಡಬೇಕು.

ಹವ್ಯಾಸಿಗಳ ದೊಡ್ಡ ತೊಡಕೆಂದರೆ ಹತ್ತಿರದ ರಕ್ತಸಂಬಂಧ. ಮೆಚ್ಚಿನ ಲಕ್ಷಣ ಕೈತಪ್ಪದಿರಲೆಂದು ಅಣ್ಣತಂಗಿಯರನ್ನೇ ಕೂಡಿಸುತ್ತಾರೆ. ಹೊರಗಿನ ರಕ್ತ ಬಾರದ ಹಿಂಡಿನಲ್ಲಿ 1 ಹುಂಜ, 5 ಹೇಂಟೆ ಇದ್ದರೆ ಈ ಸಂಬಂಧದ ಪ್ರಮಾಣ ಒಂದೇ ತಲೆಮಾರಿಗೆ ಸುಮಾರು ಶೇಕಡಾ 15ರಷ್ಟು ಏರುತ್ತದೆ. 4 ಹುಂಜ, 20 ಹೇಂಟೆಗಳಿದ್ದರೆ ಏರಿಕೆ ಶೇಕಡಾ 4ನ್ನು ಮುಟ್ಟುವುದಿಲ್ಲ. ಪ್ರಮಾಣ ಏರಿದಂತೆ ಮೊಟ್ಟೆಯೊಡೆದು ಬರುವ ಮರಿ ಕಡಿಮೆ, ಬಂದವೂ ನಿತ್ರಾಣ. ಹುಂಜವನ್ನು ಒಬ್ಬರಿಂದ ಕೊಂಡರೆ ಹೇಂಟೆಗಳನ್ನು ಅವರ ನೆಂಟಸ್ತನವಿಲ್ಲದ ಇನ್ನೊಬ್ಬರಿಂದ ಕೊಳ್ಳಿ. ನೆಂಟಸ್ತನ ಕೋಳಿಗಳದು, ಸಾಕಿದವರದಲ್ಲ! ಇಬ್ಬರ ಹುಂಜವೂ ಒಂದೇ ಅಂಗಳದಿಂದ ಬಂದಿರುವುದುಂಟು, ವಿಚಾರಿಸಿ.

ಬೀಜಕ್ಕಾದರೆ ಪ್ರಮಾಣೀಕರಣದ ಚೀಟಿಯಿದೆ, ಹಿತ್ತಲ ಕೋಳಿಗೆ ಅದಿಲ್ಲ. ಬಿಳಿಭೇದಿ ರೋಗ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ದಾಟುತ್ತದೆ, ತಾಯಿ ಮಾತ್ರ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ತಳಿಗೆಂದು ಕೊಳ್ಳುವ ಪ್ರತಿ ಕೋಳಿಯ ರಕ್ತವನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ನೂರಾರು ಕೋಳಿ ಸೇರುವ ಪ್ರದರ್ಶನದಿಂದ ಬಂದದ್ದಾದರೆ ರಾಣಿಖೇತ್ ಲಸಿಕೆ ಎಂದು ಹಾಕಿಸಿದರೆಂದು ಕೇಳಿಕೊಂಡು 30 ದಿನ ಬೇರೆ ಗೂಡಿನಲ್ಲಿಡಿ. ಅದರ ಮೇವು ನೀರನ್ನು ಮನೆಯ ಕೋಳಿಗಳದಾದ ಮೇಲೆ, ಕೊನೆಗೆ ಕೊಡಿ.