ಉತ್ತರ ಬೇಡದ ಪ್ರಶ್ನೆಗಳು

ಮೊನ್ನೆ ಬೆಂಗಳೂರಿನಲ್ಲಿ ನನ್ನ ತಂಗಿಯ ಮಗನ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಮೂರಂತಸ್ತಿನ ಚೆಂದದ ಮನೆ; ಕೋಣೆಗೊಂದು ಏಸಿ. ಊಟದ ಪಂಕ್ತಿಯಲ್ಲಿ, "ತಾರಸಿಯ ಮೇಲೆ ಸೋಲಾರ್ ಫಲಕ ಹಾಕಿಸಲಿಲ್ಲವೇನಪ್ಪಾ?" ಎಂದು ಸಹಜವಾಗಿ ಕೇಳಿದೆ. ಅಷ್ಟೇ ಸಾಕಾಯಿತು. "ಮಾವ, ಹವಾಮಾನ ಯಾವ ಕಾಲದಲ್ಲಿ ಬದಲಾಗಿಲ್ಲ ಹೇಳಿ?" ಎಂದು ಅವನು ಆರಂಭಿಸಿದ. "ಆ ಅನಿಲ ಗಾಳಿಯಲ್ಲಿರುವುದೇ ಶೇಕಡಾ 0.04, ಅದೇನು ಮಾಡೀತು?" ಎಂದರು ಪಕ್ಕದಲ್ಲಿದ್ದವರು. "ರಾತ್ರಿ ಸೂರ್ಯ ಎಲ್ಲಿರುತ್ತಾನೆ ಮೇಷ್ಟ್ರೇ?" ಎಂದು ನಕ್ಕವನು ನನ್ನ ಹಳೆಯ ವಿದ್ಯಾರ್ಥಿಯೇ. "ಮೊದಲು ಅಮೆರಿಕದವರು ಮಾಡಲಿ ಬಿಡಿ" ಎಂದು ಮತ್ತೊಬ್ಬರು ತೀರ್ಪು ಕೊಟ್ಟರು. ಅಷ್ಟರಲ್ಲಿ ಹೋಳಿಗೆ ಬಂತು, ಮಾತು ನಿಂತಿತು. ನನ್ನ ಉತ್ತರಕ್ಕೆ ಯಾರೂ ಕಾದಿರಲಿಲ್ಲ.

ಪ್ರೌಢಶಾಲೆಯಲ್ಲಿ ದಶಕಗಳ ಕಾಲ ವಿಜ್ಞಾನ ಬೋಧಿಸಿದವನು ನಾನು. ಪ್ರಶ್ನೆ ಕೇಳಿದ ಮಕ್ಕಳನ್ನು ಎಂದೂ ಗದರಿಸಿದವನಲ್ಲ. ಆದರೆ ಉತ್ತರ ದೊರೆತ ಮೇಲೂ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಎಸೆಯುವುದು ಜಿಜ್ಞಾಸೆಯಲ್ಲ. ಅದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯ. ಅಂದು ಹೇಳಲಾಗದ ಉತ್ತರಗಳನ್ನು ಇಲ್ಲಿ ಹೇಳುತ್ತೇನೆ.

ಹವಾಮಾನ ಹಿಂದೆಯೂ ಬದಲಾಗಿದೆ, ನಿಜ. ಹಿಂದೆ ಸಿಡಿಲಿನಿಂದ ಕಾಡು ಉರಿದಿತ್ತೆಂಬ ಕಾರಣಕ್ಕೆ ಇಂದು ಬೆಂಕಿಕಡ್ಡಿ ಗೀರಿದವನು ನಿರಪರಾಧಿಯಾಗುವನೇ? ಕೋಟ್ಯಂತರ ವರ್ಷ ನೆಲದಡಿಯಿದ್ದ ಕಲ್ಲಿದ್ದಲಿನಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲ ಎಲ್ಲಿಂದ ಬಂತೆಂಬುದಕ್ಕೆ ಅದೇ ಬೆರಳಚ್ಚು. ಸೂರ್ಯನ ತಾಪವೇ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಸ್ತರವೂ ಕಾಯಬೇಕಿತ್ತು. ಆಗುತ್ತಿರುವುದು ಬೇರೆ: ಕೆಳಗಿನ ಸ್ತರ ಕಾಯುತ್ತಿದೆ, ಮೇಲಿನ ಸ್ತರ ತಣಿಯುತ್ತಿದೆ.

ಇನ್ನು ಶೇಕಡಾ 0.04ರ ಮಾತು. ಬಿಳಿ ಪಂಚೆ ಒಗೆಯುವಾಗ ಬಕೆಟ್ ನೀರಿಗೆ ನಾಲ್ಕು ಹನಿ ನೀಲಿ ಹಾಕುತ್ತೇವೆ. ನೀರೆಲ್ಲ ಬಣ್ಣ ತಿರುಗುತ್ತದೆ. ಪ್ರಮಾಣ ಅಲ್ಪವಾದರೂ ಬೆಳಕನ್ನು ಹೀರುವ ಗುಣ ಅದಕ್ಕಿದೆ. ಇಂಗಾಲದ ಡೈಆಕ್ಸೈಡಿಗೆ ಶಾಖವನ್ನು ಹೀರುವ ಗುಣವಿದೆ. ಇದನ್ನು ಟಿಂಡಾಲ್ ಪ್ರಯೋಗಾಲಯದಲ್ಲಿ ತೋರಿಸಿದ್ದು 1859ರಲ್ಲಿ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಈ ಅನಿಲ ಈಗ 420ನ್ನು ದಾಟಿದೆ. ಒಂದೂವರೆ ಪಟ್ಟು!

"ಅಮೆರಿಕದವರು ಮಾಡಲಿ" ಎಂಬುದರಲ್ಲಿ ಅರ್ಧ ನ್ಯಾಯವಿದೆ. ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಡೈಆಕ್ಸೈಡ್, ನಮ್ಮಲ್ಲಿ ಸುಮಾರು ಎರಡು. ಅವರ ಹೊಣೆ ದೊಡ್ಡದು. ಆದರೆ ಸರಾಸರಿಯ ಪಾಠವನ್ನು ನೆನಪಿಸಿಕೊಳ್ಳಿ. ಆ ಎರಡು ಟನ್ನಿನಲ್ಲಿ ಒಂದು ಬಲ್ಬು, ಒಂದು ಫ್ಯಾನು ಇರುವ ಕೂಲಿಕಾರನ ಮನೆಯೂ ಸೇರಿದೆ, ಕೋಣೆಗೊಂದು ಏಸಿ ಇರುವ ಮನೆಯೂ ಸೇರಿದೆ. ಬಡವನ ಮಿತವ್ಯಯದ ಹಿಂದೆ ಅವಿತುಕೊಂಡು ಉಳ್ಳವರು "ನಾವು ಬಡ ದೇಶದವರು" ಎನ್ನುವುದು ನನಗಂತೂ ನಾಚಿಕೆಗೇಡಿನ ಮಾತಾಗಿ ಕಾಣುತ್ತದೆ.

ರಾತ್ರಿ ಸೂರ್ಯನಿಲ್ಲ ಎಂಬುದು ಮಾತ್ರ ತೂಕದ ಪ್ರಶ್ನೆ. 2025ರಲ್ಲಿ ಭಾರತದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧಭಾಗ ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳದ್ದಾಯಿತು ಎಂದು ಪ್ರಕಟವಾದಾಗ ಹಲವರು ಹಿಗ್ಗಿದರು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ವಾಸ್ತವವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನದೇ. ಹಗಲಿನ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಕೂಡಿಡಬಹುದು. ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ರಾತ್ರಿ ಕೆಳಗೆ ಬಿಟ್ಟು ಮತ್ತೆ ವಿದ್ಯುತ್ ಪಡೆಯಬಹುದು. ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಇಂಥ ಯೋಜನೆಯನ್ನು ಮುಂದಿಟ್ಟಾಗ ವಿರೋಧ ಎದ್ದಿತು. ಏಕೆಂದರೆ ಅದು ಸಿಂಗಳೀಕಗಳ ಅಭಯಾರಣ್ಯ.

ನಾವು ಕೇಳಬೇಕಾದ ಪ್ರಶ್ನೆ ಆರಂಭವಾಗುವುದು ಇಲ್ಲಿಂದ: ಶುದ್ಧ ವಿದ್ಯುತ್ತಿನ ಬೆಲೆಯನ್ನು ತೆರುವವರು ಯಾರು?

ಕನ್ನಡನಾಡಿಗೆ ಇದು ಹೊಸ ಪ್ರಶ್ನೆಯಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿದದ್ದು ಕೋಲಾರದ ಚಿನ್ನದ ಗಣಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕಾಯಿತು, ಮನೆಮಠ ಮುಳುಗಿಸಿಕೊಂಡು ಎದ್ದು ಹೋದವರಲ್ಲಿ ಅನೇಕರ ಭೂಮಿಯ ಹಕ್ಕಿನ ಹೋರಾಟ ದಶಕಗಳವರೆಗೆ ನಡೆಯಿತು. ಪಾವಗಡದಲ್ಲಿ 2019ರ ಹೊತ್ತಿಗೆ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿತು. ಅಲ್ಲಿ ಸುಮಾರು 13,000 ಎಕರೆಯನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬರಗಾಲದ ಸೀಮೆಯ ರೈತನ ಹೆಸರಿನಲ್ಲೇ ಪಹಣಿ ಉಳಿಯಿತು. ಲಿಂಗನಮಕ್ಕಿಗಿಂತ ಇದು ಎಷ್ಟೋ ಮೇಲು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂರಹಿತರಿಗೆ ಯಾವ ಗುತ್ತಿಗೆಯ ಹಣ?

ಈ ಪ್ರಶ್ನೆಯನ್ನು ಅಂದು ಪಂಕ್ತಿಯಲ್ಲಿ ಯಾರೂ ಕೇಳಲಿಲ್ಲ. ಇದನ್ನು ಕೇಳಿದರೆ ಮಾಡಬೇಕಾದ ಕೆಲಸವೂ ಎದುರಾಗುತ್ತದೆ. ಬೇರೆಯವರ ಹೊಲ, ಬೇರೆಯವರ ಕಾಡನ್ನು ಕೇಳುವ ಮೊದಲು ನಮ್ಮ ತಾರಸಿ ಖಾಲಿ ಬಿದ್ದಿರುವುದೇಕೆ ಎಂದು ಉತ್ತರಿಸಬೇಕಾಗುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಗೊತ್ತುಪಡಿಸಲಾಯಿತು. ಹೊಸ ಮನೆಯ ಬಾಗಿಲಿನ ಕೆತ್ತನೆಗೆ ಅದಕ್ಕಿಂತ ಹೆಚ್ಚು ಖರ್ಚಾಗಿದೆ ಎಂದು ನನ್ನ ತಂಗಿಯೇ ಹೇಳಿದಳು.

ಅಳಿಯದೇವರು ಇದನ್ನು ಓದಿ ಮುನಿಸಿಕೊಳ್ಳಬಾರದು. ಮನೆ ಚೆನ್ನಾಗಿದೆ, ಹೋಳಿಗೆಯೂ ಚೆನ್ನಾಗಿತ್ತು. ಮುಂದಿನ ಸಲ ಬಂದಾಗ ಮೊದಲು ತಾರಸಿಗೆ ಹತ್ತಿ ನೋಡುತ್ತೇನೆ. ಉಳಿದ ಶಿಷ್ಯರೂ ಅಷ್ಟೇ: ಪ್ರಶ್ನೆಗಳನ್ನು ಧಾರಾಳವಾಗಿ ಕೇಳಿ. ಆದರೆ ಉತ್ತರ ಬರುವವರೆಗೆ ಕುಳಿತಿರಿ. ತರಗತಿಯಲ್ಲಿ ನಾನು ಹೇಳುತ್ತಿದ್ದುದೂ ಇದನ್ನೇ.