ಉತ್ತರವನ್ನು ಶಂಕಿಸುವ ವಿದ್ಯೆ

ನಮ್ಮ ಬಳಗದ ಕಳೆದ ತಿಂಗಳ ಕೂಟದಲ್ಲಿ ಪುಸ್ತಕದ ಮಾತು ಮುಗಿದು ಚಹಾ ಬರುವಷ್ಟರಲ್ಲಿ ಒಂದು ಮನೆಯ ವಿಚಾರ ಎಲ್ಲರ ವಿಚಾರವಾಯಿತು. ಪುಣೆಯಲ್ಲೇ ಹುಟ್ಟಿ ಬೆಳೆದ ನಮ್ಮವರ ಮಗಳೊಬ್ಬಳು, ಮೆಕ್ಯಾನಿಕಲ್ ಪದವೀಧರೆ, ಕೈಯಲ್ಲಿದ್ದ ಸಾಫ್ಟ್‌ವೇರ್ ನೌಕರಿಯನ್ನು ಬಿಟ್ಟು ಕಂಪ್ಯುಟೇಷನಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಲು ಹೊರಟಿದ್ದಾಳೆ. ಗೇಟ್ ಪರೀಕ್ಷೆಯ ಆಧಾರದ ಮೇಲೆ ದೊರೆಯುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಬಿಟ್ಟ ಸಂಬಳದ ಮುಂದೆ ಅದು ಏನೇನೂ ಅಲ್ಲ. "ಅದೂ ಕಂಪ್ಯೂಟರೇ, ಇದೂ ಕಂಪ್ಯೂಟರೇ ಅಲ್ಲೇನ್ರಿ? ಇದ್ದ ಪಗಾರ ಬಿಟ್ಟು ಮತ್ತ ಸಾಲಿಗೆ ಹೋಗೋದು ಯಾವ ಶಾಣ್ಯಾತನ?" ಎಂದು ಹಿರಿಯರೊಬ್ಬರು ಅವಳ ತಂದೆಯನ್ನು ಕೇಳಿದರು. ಅಂದು ನಾವೂ ಹೆಚ್ಚುಕಡಿಮೆ ಅವರ ಪಕ್ಷವನ್ನೇ ಹಿಡಿದೆವು. ಹಾಗೆ ಹಿಡಿದದ್ದು ತಪ್ಪೆಂದು ಈಗ ತೋರುತ್ತಿದೆ.

ಆ ವ್ಯಾಸಂಗದಲ್ಲಿ ಕಂಪ್ಯೂಟರು ಉಪಕರಣ ಮಾತ್ರ. ವಿಷಯ ಅವಕಲ ಸಮೀಕರಣಗಳದ್ದು. ಸೇತುವೆಯ ತೊಲೆ ಎಷ್ಟು ಬಾಗೀತು, ಎಂಜಿನ್ನಿನ ಗೋಡೆಯಲ್ಲಿ ಶಾಖ ಹೇಗೆ ಹರಿದೀತು ಎಂಬುದಕ್ಕೆಲ್ಲ ಸಮೀಕರಣಗಳಿವೆ. ಆದರೆ ನಿಜವಾದ ಯಂತ್ರದ ಅಂಕುಡೊಂಕಿನ ಆಕಾರಕ್ಕೆ ಅವನ್ನು ಕಾಗದದ ಮೇಲೆ ಬಿಡಿಸುವುದು ಸಾಧ್ಯವಾಗುವುದು ಅಪರೂಪ. ಆದ್ದರಿಂದ ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆದು, ಚುಕ್ಕಿ ರಂಗೋಲಿಯಂತೆ, ಚುಕ್ಕಿಗಳಲ್ಲಿ ಮಾತ್ರ ಉತ್ತರವನ್ನು ಲೆಕ್ಕ ಹಾಕಿ ನಡುವಿನದನ್ನು ಅಂದಾಜಿನಿಂದ ತುಂಬುತ್ತಾರೆ. ಗಣಿತಜ್ಞ ರಿಚರ್ಡ್ ಕೂರಾಂಟ್ 1943ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಬೀಜವಿದೆ. 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನು 1960ರಲ್ಲಿ ರೇ ಕ್ಲಫ್ ಇಟ್ಟರು. ಚುಕ್ಕಿ ಎಲ್ಲಿ ದಟ್ಟವಾಗಿರಬೇಕು, ಎಲ್ಲಿ ವಿರಳವಾದರೂ ನಡೆದೀತು ಎಂಬ ವಿವೇಕವೇ ಈ ವಿದ್ಯೆಯ ಅರ್ಧ ಭಾಗ.

ಆ ವಿವೇಕ ತಪ್ಪಿದರೆ ಏನಾದೀತು ಎಂಬುದಕ್ಕೆ ನಾರ್ವೆಯ ಸ್ಲೈಪ್ನರ್ ದೃಷ್ಟಾಂತವೊಂದೇ ಸಾಕು. ಉತ್ತರ ಸಮುದ್ರದಲ್ಲಿ ನಿಲ್ಲಬೇಕಾಗಿದ್ದ ಆ ಅನಿಲ ಸ್ಥಾವರದ ಕಾಂಕ್ರೀಟಿನ ಬುಡ 1991ರ ಆಗಸ್ಟ್ 23ರಂದು, ಮುಳುಗಿಸಿ ನೋಡುವ ಪರೀಕ್ಷೆಯ ನಡುವೆಯೇ, ಒಡೆದು ಸಮುದ್ರದ ತಳ ಸೇರಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಕೋಶಗಳು ಕೂಡುವ ಮೂಲೆಯ ಗೋಡೆಗಳಲ್ಲಿ ತುಂಡುಗಳನ್ನು ಒರಟಾಗಿ ಹೆಣೆದಿದ್ದರಿಂದ ಅಲ್ಲಿನ ಕತ್ತರಿಸುವ ಬಲದ ಲೆಕ್ಕ ನಿಜಕ್ಕಿಂತ 47 ಶೇಕಡಾ ಕಡಿಮೆ ಬಂದಿತ್ತು. ಕಬ್ಬಿಣದ ಸರಳುಗಳ ಜೋಡಣೆಯೂ ಸಾಲದಾಗಿತ್ತು. ಅನಂತರ ಎಚ್ಚರದಿಂದ ಮತ್ತೆ ಲೆಕ್ಕ ಮಾಡಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕೆಂದು ಬಂತು. ಒಡೆದದ್ದು 65 ಮೀಟರಿನಲ್ಲಿ. ಯಂತ್ರ ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು. ಕೇಳಿದ ರೀತಿ ಸರಿಯೇ ಎಂದು ನೋಡುವ ಕಣ್ಣು ಇರಲಿಲ್ಲ.

ಇಂದು ಇಂಥ ಲೆಕ್ಕ ಗುಂಡಿ ಒತ್ತಿದರೆ ಆಗುತ್ತದೆ. ಪರದೆಯ ಮೇಲೆ ಕೆಂಪು, ಹಳದಿ, ನೀಲಿಯ ಚಿತ್ರ ಮೂಡುತ್ತದೆ. ತಪ್ಪು ಉತ್ತರದ ಚಿತ್ರವೂ ಅಷ್ಟೇ ಚೆನ್ನಾಗಿರುತ್ತದೆ. ಗುಂಡಿಗಳನ್ನು ಕೆಲವೇ ತಿಂಗಳಲ್ಲಿ ಕಲಿಯಬಹುದು, ಅದಕ್ಕೆ ಎರಡು ವರ್ಷ ಬೇಕಿಲ್ಲ. ಎರಡು ವರ್ಷ ಬೇಕಾಗುವುದು ಆ ಚಿತ್ರವನ್ನು ನಂಬಬೇಕೋ ಬೇಡವೋ ಎಂದು ನಿರ್ಣಯಿಸಲು: ದೋಷದ ಅಂದಾಜು, ಬೃಹತ್ ಸಮೀಕರಣಗಳ ಗುಂಪನ್ನು ಬಿಡಿಸುವ ಬಗೆ, ಸಾವಿರಾರು ಪ್ರೊಸೆಸರುಗಳಿಗೆ ಕೆಲಸ ಹಂಚುವ ಬಗೆ. ಈ ಕೊನೆಯದು ನಮ್ಮೂರಿಗೆ ಹೊಸದಲ್ಲ. ಸ್ಲೈಪ್ನರ್ ಮುಳುಗಿದ ಆ 1991ರಲ್ಲೇ ಪುಣೆಯ ಸಿ-ಡ್ಯಾಕ್ 'ಪರಮ್ 8000' ಸೂಪರ್‌ಕಂಪ್ಯೂಟರನ್ನು ಸಿದ್ಧಪಡಿಸಿತ್ತು. ನಮ್ಮಲ್ಲಿ ಹಲವರು ಅದನ್ನು ಪತ್ರಿಕೆಯಲ್ಲಿ ಓದಿ ಹೆಮ್ಮೆಪಟ್ಟು ಮರೆತವರು.

ಹಿರಿಯರ ಮಾತಿನಲ್ಲಿಯೂ ಸತ್ಯವಿಲ್ಲದಿಲ್ಲ. ಅದೇ ಸಾಫ್ಟ್‌ವೇರ್ ನೌಕರಿಗೆ ಇನ್ನೊಂದು ಮೆಟ್ಟಿಲೆಂದು ಈ ಪದವಿಗೆ ಹೋಗುವವರಿದ್ದಾರೆ. ಅಂಥವರಿಗೆ ಎರಡು ವರ್ಷದ ಪಗಾರ ನಿಜವಾಗಿಯೂ ನಷ್ಟವೇ. ಆದರೆ ಈ ಹುಡುಗಿ ನೌಕರಿಯಲ್ಲಿ ಬೇಸತ್ತದ್ದು ತನ್ನ ಪರದೆಯ ಉತ್ತರ ಏಕೆ ಸರಿ ಎಂದು ಯಾರೂ ಹೇಳಲಾರದೆ ಹೋದದ್ದಕ್ಕೆ. ಅದನ್ನು ಅವಳು ಅಂದೇ ಹೇಳಿದಳು. ನಾವು ಚಹಾ ಕುಡಿಯುತ್ತಿದ್ದೆವು.

ಜುಲೈ ಕೊನೆಗೆ ಅವಳು ಹೊರಡುತ್ತಾಳೆ. ಅದಕ್ಕೆ ಮೊದಲು ಒಂದು ಭಾನುವಾರ ಕೂಟಕ್ಕೆ ಬಂದು ಇದನ್ನೆಲ್ಲ ಕನ್ನಡದಲ್ಲೇ ವಿವರಿಸಬೇಕೆಂದು ಕೇಳಿಕೊಂಡಿದ್ದೇವೆ. ಒಪ್ಪಿದ್ದಾಳೆ. 'ಮೆಶ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಮಾತ್ರ ನಮ್ಮನ್ನೇ ಕೇಳಿದ್ದಾಳೆ. ಬಲೆಯೋ, ಜಾಲವೋ, ಹೆಣಿಗೆಯೋ ಎಂದು ನಮ್ಮಲ್ಲಿ ಇನ್ನೂ ಒಮ್ಮತವಾಗಿಲ್ಲ.