ಲಾರಿ ಕೆಲಸ: ಮೊದಲು ಊರ ಸುತ್ತ, ಆಮೇಲೆ ದೂರ



ಮಳೆ ಕೈಕೊಟ್ಟ ವರ್ಷ ಮನೆಯ ಒಬ್ಬ ಹುಡುಗ ಲಾರಿ ಕೆಲಸಕ್ಕೆ ಹೊರಡುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ, ತಪ್ಪೂ ಅಲ್ಲ. ಆದರೆ “ಟ್ರ್ಯಾಕ್ಟರ್ ಓಡಿಸಿದವನಿಗೆ ಲಾರಿ ಯಾವ ಲೆಕ್ಕ?” ಎಂಬ ಮಾತು ಅಪಾಯದ್ದು. ಲೋಡು ತುಂಬಿದ ಲಾರಿ ಬ್ರೇಕ್ ಒತ್ತಿದಲ್ಲಿಯೇ ನಿಲ್ಲುವುದಿಲ್ಲ. ಅನುಭವಕ್ಕೆ ತಕ್ಕ ಗಾಡಿ ಹಿಡಿಯಬೇಕು, ಮೊದಲ ಕೆಲಸವನ್ನು ಊರ ಸುತ್ತಲೇ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಅನುಭವವೇ ಇಲ್ಲದವರು 18 ವರ್ಷ ತುಂಬಿದ ಮೇಲೆ ಲಘು ವಾಹನದ ಲೈಸೆನ್ಸು ಪಡೆಯಲಿ. ಕಲಿಕಾ ಲೈಸೆನ್ಸು ಸಿಕ್ಕಿ 30 ದಿನ ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲ. ಈ ಅವಧಿಯಲ್ಲಿ ಕ್ಲೀನರಾಗಿ ಹೋಗಿ ಲೋಡು ಕಟ್ಟುವುದು, ಟಯರು ಬದಲಿಸುವುದನ್ನು ಕಲಿಯಲಿ.

ಸ್ವಲ್ಪ ಕೈ ಪಳಗಿದವರಿಗೆ ತರಕಾರಿ, ಹಾಲು, ಮೇವು ಸಾಗಿಸುವ ಸಣ್ಣ ಗಾಡಿಗಳಿವೆ. ಸರಕೂ ಸೇರಿ ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟು 2024ರಲ್ಲಿ ತೀರ್ಪಿತ್ತಿದೆ. ಟೊಮೆಟೊ ಕ್ರೇಟು ಹೇಗೆ ಜೋಡಿಸಬೇಕು, ಸೊಪ್ಪು ಎಷ್ಟು ಹೊತ್ತು ತಡೆದೀತು ಎಂಬುದು ರೈತನ ಮಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಲಸ ಕೇಳುವಾಗ ಇದೇ ಅವನ ಬಂಡವಾಳ.

ಭಾರಿ ಲಾರಿಗೆ 20 ವರ್ಷ ತುಂಬಿರಬೇಕು. ಲಘು ವಾಹನದ ಲೈಸೆನ್ಸು ಪಡೆದು ಒಂದು ವರ್ಷವಾಗಿರಬೇಕು. ಚಾಲನಾ ಶಾಲೆಯ ಪ್ರಮಾಣಪತ್ರವೂ ಬೇಕು. ಅಂಥವರು ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ, ಕೋಲಾರದ ಟೊಮೆಟೊ ಮಂಡಿಗಳಲ್ಲಿ ವಿಚಾರಿಸಬಹುದು. ಸಂಬಳ ತಿಂಗಳಿಗೋ ಟ್ರಿಪ್ಪಿಗೋ, ಊಟದ ಖರ್ಚು ಯಾರದು, ಕಾಯುವ ದಿನಕ್ಕೆ ಕೂಲಿ ಉಂಟೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಗಾಡಿ ಇಟ್ಟಿರುವ ರೈತರಿಗೂ ಒಂದು ಮಾತು. ಡ್ರೈವರ್ ರಜೆ ಹಾಕಿದನೆಂದು ಲೈಸೆನ್ಸಿಲ್ಲದ ಕ್ಲೀನರ್ ಹುಡುಗನ ಕೈಗೆ ಕೀಲಿ ಕೊಡಬೇಡಿ. ಅಪಘಾತವಾದರೆ ಕೊಟ್ಟ ಪರಿಹಾರವನ್ನು ವಿಮಾ ಕಂಪನಿ ಮಾಲೀಕನಿಂದಲೇ ವಸೂಲು ಮಾಡಬಹುದು. ಒಂದು ದಿನದ ಬಾಡಿಗೆಯ ಆಸೆಗೆ ಹೊಲವೇ ಹೋದೀತು.

ದೂರದ ಓಡಾಟದಲ್ಲಿ ನಾಲ್ಕು ಕಾಸು ಹೆಚ್ಚು ಸಿಗಬಹುದು. ಆದರೆ ಸಂಜೆ ಮನೆ ಸೇರುವ ಹುಡುಗ ಬೆಳಿಗ್ಗೆ ಹೊಲಕ್ಕೆ ನೀರು ಕಟ್ಟಬಲ್ಲ. ಮನೆಗೆ ದುಡಿಮೆಯೂ ಬೇಕು, ದುಡಿಯುವವನೂ ಬೇಕು.